ಗಡಿ ತಪ್ಪಿದವರು ಯಾರು?: ಒಬ್ಬ ಕುಳವಾಡಿಯ ಸಾವಿನ ಕಾಗದಗಳು

1

ದಲಿತರ ಚರಿತ್ರೆ ಬರೆಯಲು ಹೊರಟವರಿಗೆ ಮೊದಲೇ ಎರಡು ಮಾತು ಎದುರಾಗುತ್ತವೆ. ಒಂದು, ನಿಮಗೆ ದಾಖಲೆಗಳಿಲ್ಲ. ಇನ್ನೊಂದು, ದಾಖಲೆ ಇಲ್ಲದಿದ್ದರೇನು, ನಿಮಗೆ ಮೌಖಿಕ ಪರಂಪರೆ ಇದೆಯಲ್ಲ, ಅದೇ ಸಾಕು. ಮೊದಲನೆಯದು ನಮ್ಮನ್ನು ಚರಿತ್ರೆಯಿಂದ ಆಚೆ ಇಡುವವರ ಮಾತು. ಎರಡನೆಯದು ನಮ್ಮ ಮೇಲೆ ಪ್ರೀತಿ ಇರುವವರ ಮಾತು. ಎಷ್ಟೋ ಸಲ ನಾವು ನಾವೇ ಸಭೆಗಳಲ್ಲಿ ಆಡಿಕೊಂಡ ಮಾತು. ನನಗೆ ಎರಡರಲ್ಲೂ ಅನುಮಾನವಿದೆ. ನಮ್ಮ ಕುರಿತ ಕಾಗದಗಳು ಇವೆ. ಅವನ್ನು ಬರೆದವರು ನಾವಲ್ಲ, ಅಷ್ಟೆ. ಹಾಗೆಯೇ ಕೇರಿಯ ಬಾಯಲ್ಲಿ ಇರುವ ಕಥೆಯೆಲ್ಲ ಕೇರಿಯದೇ ಆಗಿರಬೇಕಾಗಿಲ್ಲ. ಊರು ತನಗೆ ಬೇಕಾದ ಕಥೆಯನ್ನು ಕೇರಿಯ ಬಾಯಲ್ಲಿ ಇಟ್ಟು ಹೋಗಿರಬಹುದು. ಅದನ್ನು ನಾವು ಮೂರು ತಲೆಮಾರು ನಮ್ಮದೆಂದೇ ಹೇಳಿಕೊಂಡು ಬಂದಿರಬಹುದು.

ಈ ಮಾತನ್ನು ಬರೀ ವಾದವಾಗಿ ಹೇಳದೆ ಒಬ್ಬ ಮನುಷ್ಯನ ಬದುಕಿನ ಮೂಲಕ ಹೇಳುತ್ತೇನೆ. ಅವನು ನನ್ನ ಮುತ್ತಾತ, ಅಂದರೆ ನನ್ನ ತಾತನ ಅಪ್ಪ. ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ ಕುಳವಾಡಿಯೂ ತೋಟಿಯೂ ಆಗಿದ್ದವನು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಹೊತ್ತವರು ನಮ್ಮ ಮನೆಯಲ್ಲಿ ಈಗಲೂ ಇದ್ದಾರೆ. ಮನೆಯವರು ಕೊನೆಗೆ 'ಅಯ್ಯ' ಸೇರಿಸಿ ಕರೆಯುತ್ತಿದ್ದ ಹೆಸರು ಅದು. ಸರ್ಕಾರಿ ಕಾಗದದಲ್ಲಿ ಅಯ್ಯ ಕತ್ತರಿಸಿಹೋಗಿ ಬರೀ 'ಗ' ಉಳಿದಿದೆ. ಒಂದು ಕಾಗದದಲ್ಲಿ ಹೆಸರಿನ ಹಿಂದೆ ಜಾತಿ, ಇನ್ನೊಂದರಲ್ಲಿ 'ತೋಟಿ', ಮತ್ತೊಂದರಲ್ಲಿ ಹೆಸರೇ ಇಲ್ಲದೆ 'ಸದರಿ ಆಸಾಮಿ'.

2

ನಮ್ಮ ಮನೆಯಲ್ಲಿ ಅವನ ಬಗ್ಗೆ ಒಂದೇ ಕಥೆ ಇತ್ತು. ನಮ್ಮೂರಿಗೂ ಪಕ್ಕದೂರಿಗೂ ಕೆರೆಯ ಹಿಂದಿನ ಗೋಮಾಳದ ವಿಚಾರದಲ್ಲಿ ಗಡಿ ತಕರಾರು ಬಂತು. ಗಡಿ ತೋರಿಸೋ ಅಂತ ಕುಳವಾಡಿಯನ್ನು ಕರೆದರು. ಅವನ ತಲೆಯ ಮೇಲೆ ಊರ ಮಣ್ಣಿನ ಮುದ್ದೆ ಇಟ್ಟು ನಡೆಸಿದರು. ನಮ್ಮೂರಿನ ದೊಡ್ಡ ಮನೆಯವರ ಮಾತು ಕೇಳಿ ಅವನು ಎರಡು ಮಾರು ಆಚೆಗೆ ಕಾಲಿಟ್ಟ. ಮುದ್ದೆ ಒಡೆಯಿತು. ಹದಿನೈದು ದಿನದೊಳಗೆ ಜ್ವರ ಬಂದು ಸತ್ತ. ಮನೆ ಹಾಳಾಯಿತು. 'ಸುಳ್ಳು ಹೆಜ್ಜೆ ಇಟ್ಟೋನ ಮನೆ' ಎಂದು ನಮಗೊಂದು ಅಡ್ಡಹೆಸರೇ ಇತ್ತು. ಹಿರಿಯರ ಹಬ್ಬದಲ್ಲಿ ಸತ್ತವರಿಗೆಲ್ಲ ಎಡೆ ಇಡುವಾಗ ಅವನಿಗೆ ಇಡುತ್ತಿರಲಿಲ್ಲ. ಎಡೆಯಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಎಡೆಯಿಂದ ಹೊರಗಿಡುವುದು ಅಂದರೆ ಏನೆಂದು ನಮ್ಮ ಜಾತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಥೆಯನ್ನು ನಾನು ಎರಡನೇ ಸಲ ಕಂಡದ್ದು ಇಂಗ್ಲಿಷಿನಲ್ಲಿ. ಮೈಸೂರಿನ ಬ್ರಿಟಿಷ್ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ 1873ರಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಹೊಲೆಯರ ಬಗ್ಗೆ ಬರೆದ. ಗಡಿ ತಕರಾರು ಬಂದಾಗ ಕುಳವಾಡಿಯ ಮಾತೇ ಕೊನೆಯ ಮಾತು. ನಡುವೆ ನೀರಿಟ್ಟ ಮಣ್ಣಿನ ಮುದ್ದೆಯನ್ನು ತಲೆಯ ಮೇಲೆ ಹೊತ್ತು ಅವನು ಗಡಿ ನಡೆಯುತ್ತಾನೆ. ಅಪ್ಪಿತಪ್ಪಿ ಗಡಿ ದಾಟಿದರೂ ಮುದ್ದೆ ತಾನೇ ಒಡೆಯುತ್ತದೆ, ಹದಿನೈದು ದಿನದಲ್ಲಿ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬ ನಂಬಿಕೆಯನ್ನು ಅವನು ಅಲ್ಲಿ ದಾಖಲಿಸಿದ್ದಾನೆ. ಆಮೇಲೆ ಬಂದ ಗೆಜೆಟಿಯರುಗಳಲ್ಲೂ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಇದೇ ಮಾತು ಹರಿದುಬಂದಿದೆ. ಈ ನೆಲವನ್ನು ಮೊದಲು ಹಿಡಿದವರು ಹೊಲೆಯರೇ ಇರಬೇಕು, ಅದಕ್ಕೇ ಗಡಿಯ ಅಧಿಕಾರ ಅವರಲ್ಲಿ ಉಳಿದಿದೆ ಎಂದೂ ಮೆಕೆಂಜಿ ಊಹಿಸಿದ. ನಮ್ಮ ಗೆಳೆಯರು ಭಾಷಣಗಳಲ್ಲಿ ಈ ಊಹೆಯನ್ನು ಅಭಿಮಾನದಿಂದ ಎತ್ತಿ ಹೇಳುವುದುಂಟು. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಹದಿನೈದು ದಿನ, ಹಾಳಾದ ಮನೆ, ಒಡೆದ ಮುದ್ದೆ. ನನ್ನ ಮುತ್ತಾತನ ಸಾವಿನ ಕಥೆಯ ಪ್ರತಿಯೊಂದು ವಿವರವೂ ಅವನು ಹುಟ್ಟುವ ಮೊದಲೇ ಅಚ್ಚಾಗಿತ್ತು! ಹಾಗಾದರೆ ಈ ಕಥೆಯಲ್ಲಿ ಅವನದು ಏನಿದೆ?

3

ನಮ್ಮ ಮನೆಯ ದಾಖಲೆ ಎಂದರೆ ಒಂದು ತಗಡಿನ ಟ್ರಂಕಿನಲ್ಲಿ ಅರಿವೆ ಸುತ್ತಿ ಇಟ್ಟಿದ್ದ ನಾಲ್ಕು ಕಾಗದ. ಅದನ್ನು ಕಾಪಾಡಿದವಳು ತಾತನ ಅಕ್ಕ. ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ಗಂಡ ಸತ್ತ ಮೇಲೆ ತವರಿಗೆ ಬಂದು ಉಳಿದಿದ್ದವಳು. ಅಕ್ಷರ ಬಾರದವಳು ಕಾಗದ ಕಾಪಾಡಿದ್ದು ಯಾಕೆ ಎಂದರೆ, ಅದರಲ್ಲಿ ಜಮೀನು ಇದೆ ಎಂದು ಯಾರೋ ಹೇಳಿದ್ದರು.

ಮೊದಲನೆಯದು 1913ರ ಹುಕುಂ. ಅಪ್ಪ ಸತ್ತ ಕಾರಣ ಮಗನನ್ನು ತೋಟಿ ಕೆಲಸಕ್ಕೆ ನೇಮಿಸಿದ್ದು. ಮೈಸೂರು ಸಂಸ್ಥಾನದಲ್ಲಿ 1908ರ ಗ್ರಾಮಾಧಿಕಾರಗಳ ಕಾಯಿದೆ ಬಂದ ಮೇಲೆ ಪಟೇಲ, ಶಾನುಭೋಗರಿಂದ ಹಿಡಿದು ತೋಟಿ, ತಳವಾರ, ನೀರಗಂಟಿಯವರೆಗೆ ವಂಶಪಾರಂಪರ್ಯದ ಹುದ್ದೆಗಳು ಕಾನೂನಿನ ಚೌಕಟ್ಟಿಗೆ ಬಂದವು. ಶತಮಾನಗಳ ಬಿಟ್ಟಿ ಚಾಕರಿಗೆ ಸರ್ಕಾರದ ಮೊಹರು ಬಿತ್ತು ಅಂತಲೂ ಹೇಳಬಹುದು. ಕಂದಾಯಕ್ಕೆ ರೈತರನ್ನು ಕೂಗಿ ಕರೆಯುವುದು, ಟಪಾಲು ಒಯ್ಯುವುದು, ಅಧಿಕಾರಿ ಬಂದರೆ ಸಾಮಾನು ಹೊರುವುದು, ಬಾಂದು ಕಲ್ಲು ಕಾಯುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಮುಟ್ಟಿಸುವುದು. ಇದಕ್ಕೆ ಪ್ರತಿಯಾಗಿ ಒಂದಿಷ್ಟು ಖುಷ್ಕಿ ಇನಾಂತಿ ಜಮೀನು, ಸುಗ್ಗಿಯಲ್ಲಿ ಕಣದ ಆಯ. ಹುಕುಮಿನಲ್ಲಿ ಅವನ ವಯಸ್ಸು 18 ಎಂದಿದೆ.

ಎರಡನೆಯದು ಗಡಿ ತಕರಾರಿನ ಮಹಜರಿನ ನಕಲು. ಪಿಂಗಳ ಸಂವತ್ಸರದ ಮಾಘ ಮಾಸ, ಅಂದರೆ 1918ರ ಫೆಬ್ರವರಿ-ಮಾರ್ಚಿ. ಎರಡೂ ಊರಿನ ಪಟೇಲರು, ಶಾನುಭೋಗರು, ಪಂಚರು ಹಾಜರಿದ್ದಾರೆ. 'ಸದರಿ ಆಸಾಮಿ ಗಡಿಯನ್ನು ತೋರಿಸಿರುತ್ತಾನೆ' ಎಂಬ ಒಂದು ಸಾಲು, ಕೆಳಗೆ ಹೆಬ್ಬೆಟ್ಟು. ಮಣ್ಣಿನ ಮುದ್ದೆಯ ಮಾತಿಲ್ಲ. ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಈ ತಕರಾರಿನ ಹೊತ್ತಿಗೆ ಸರ್ವೆ ಕಲ್ಲು ನೆಟ್ಟು, ನಕ್ಷೆ ಬರೆದು ಎಷ್ಟೋ ಕಾಲವಾಗಿತ್ತು. ಆದರೂ ಊರಿಗೆ ಕುಳವಾಡಿಯ ಹೆಜ್ಜೆ ಬೇಕಾಗಿತ್ತು. ನಕ್ಷೆ ಒಬ್ಬರ ಪರವಾಗಿ ಹೇಳಿದರೆ ಇನ್ನೊಬ್ಬರಿಗೆ ಸಿಟ್ಟು. ಕುಳವಾಡಿ ಹೇಳಿದರೆ ತಪ್ಪೆಲ್ಲ ಅವನ ತಲೆಗೆ.

ಮೂರನೆಯದು ಸಾಲದ ಪತ್ರ. ಕಾಳಯುಕ್ತಿ ಸಂವತ್ಸರದ ಶ್ರಾವಣ, 1918ರ ಆಗಸ್ಟ್. ನಮ್ಮೂರಿನ ದೊಡ್ಡ ಮನೆಯಿಂದ 25 ರೂಪಾಯಿ. ಚಾಕರಿಯ ಇನಾಂತಿ ಜಮೀನನ್ನು ಪರಭಾರೆ ಮಾಡುವಂತಿರಲಿಲ್ಲ. ಅದಕ್ಕೇ ಪತ್ರದಲ್ಲಿ ಜಮೀನಿನ ಮಾತಿಲ್ಲ, ಸಾಲ ತೀರುವ ತನಕ 'ಫಸಲನ್ನು ಅನುಭವಿಸತಕ್ಕದ್ದು' ಎಂದಿದೆ. ಹೆಸರಿಲ್ಲದ ಭೋಗ್ಯ ಇದು. ಆ ವರ್ಷ ಮುಂಗಾರು ದೇಶದ ತುಂಬ ಕೈಕೊಟ್ಟಿತ್ತು, ಮೊದಲ ಮಹಾಯುದ್ಧದಿಂದ ಕಾಳುಕಡ್ಡಿಯ ಬೆಲೆ ಮೊದಲೇ ಏರಿತ್ತು. ಶ್ರಾವಣದಲ್ಲಿ ಸಾಲ ಮಾಡಿದ್ದು ರಾಗಿಗೆ ಎಂದು ದೊಡ್ಡಜ್ಜಿ ಹೇಳುತ್ತಿದ್ದಳು. ಪತ್ರದಲ್ಲಿ 'ಗೃಹಕೃತ್ಯಕ್ಕಾಗಿ' ಎಂದಿದೆ. ಹಸಿವಿಗೆ ಪತ್ರದ ಭಾಷೆಯಲ್ಲಿ ಅದೇ ಹೆಸರು.

ನಾಲ್ಕನೆಯದು 1920ರ ಹುಕುಂ. ಅದರ ಮಾತು ಮುಂದೆ ಬರುತ್ತದೆ.

ಅವನ ಫೋಟೋ ಇಲ್ಲ, ದನಿ ಇಲ್ಲ, ಗುಡ್ಡೆ ಎಲ್ಲಿದೆಯೋ ಗುರುತಿಲ್ಲ. ಅವನ ದೇಹದ್ದು ಅಂತ ಉಳಿದಿರುವುದು ಎರಡು ಕಾಗದದ ಮೇಲಿನ ಎರಡು ಹೆಬ್ಬೆಟ್ಟು. ಒಂದು ಊರಿನ ಜಮೀನಿಗೆ, ಇನ್ನೊಂದು ತನ್ನ ಜಮೀನಿಗೆ.

4

ಹುಡುಕಿಕೊಂಡು ಹೋದ ಮೇಲೆ ಐದನೆಯ ಕಾಗದ ಸಿಕ್ಕಿತು. ಅದು ಊರಿನ ಜನನ ಮರಣದ ರಿಜಿಸ್ಟರು. ಅಕ್ಟೋಬರ್ 1918ರ ಪುಟದಲ್ಲಿ ಅವನಿದ್ದಾನೆ. ವಯಸ್ಸು 28. ಐದು ವರ್ಷದ ಹಿಂದಿನ ಹುಕುಮಿನಲ್ಲಿ 18 ಇದ್ದವನು 28 ಆದದ್ದು ಹೇಗೆ? ಶಾನುಭೋಗರು ಮುಖ ನೋಡಿ ಬರೆದ ವಯಸ್ಸು ಇದು. ಇಪ್ಪತ್ತಮೂರೋ ಇಪ್ಪತ್ತೆಂಟೋ, ಮೂವತ್ತು ದಾಟಲಿಲ್ಲ. ಸಾವಿನ ಕಾರಣದ ಕಾಲಮಿನಲ್ಲಿ ಒಂದೇ ಪದ: ಜ್ವರ.

ಮಹಜರಿಗೂ ಸಾವಿಗೂ ನಡುವೆ ಹದಿನೈದು ದಿನವಲ್ಲ, ಏಳೆಂಟು ತಿಂಗಳು ಇದೆ. ಅವನು ಸತ್ತದ್ದು ಜಗತ್ತನ್ನೇ ಹಾಸಿ ಮಲಗಿಸಿದ ಇನ್‌ಫ್ಲುಯೆಂಜಾದಲ್ಲಿ. 1918ರ ಜೂನ್‌ನಲ್ಲಿ ಬೊಂಬಾಯಿ ಬಂದರಿಗೆ ಹಡಗಿನಲ್ಲಿ ಬಂದ ಕಾಯಿಲೆ ಅದು. ಮೊದಲ ಸುತ್ತು ಹಗುರವಾಗಿತ್ತು. ಸೆಪ್ಟೆಂಬರಿನಿಂದ ಎದ್ದ ಎರಡನೇ ಸುತ್ತು ರೈಲು ಹಿಡಿದು ದೇಶವೆಲ್ಲ ಹರಡಿತು. ಹಿಂದೂಸ್ಥಾನದಲ್ಲಿ ಸತ್ತವರು ಸುಮಾರು ಒಂದೂಕಾಲು ಕೋಟಿಯಿಂದ ಒಂದೂಮುಕ್ಕಾಲು ಕೋಟಿಯವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. 1911ರಿಂದ 1921ರ ದಶಕದಲ್ಲಿ ದೇಶದ ಜನಸಂಖ್ಯೆ ಕಡಿಮೆಯಾಯಿತು. ಜನಗಣತಿಯ ಚರಿತ್ರೆಯಲ್ಲಿ ಇಪ್ಪತ್ತನೇ ಶತಮಾನದಲ್ಲಿ ಹಾಗಾದದ್ದು ಅದೊಂದೇ ಸಲ. ಈ ಕಾಯಿಲೆಯ ವಿಶೇಷವೆಂದರೆ ಮುದುಕರು, ಮಕ್ಕಳಿಗಿಂತ 20ರಿಂದ 40ರ ಪ್ರಾಯದವರನ್ನು ಹೆಚ್ಚು ಹುಡುಕಿ ಕೊಂದದ್ದು. ಹಳ್ಳಿಯ ಲೆಕ್ಕಗಳಲ್ಲಿ ಆ ಸಾವೆಲ್ಲ ಸಾಮಾನ್ಯವಾಗಿ 'ಜ್ವರ' ಎಂಬ ಕಾಲಮಿಗೇ ಬಿದ್ದಿವೆ.

ಜ್ವರಕ್ಕೆ ಜಾತಿ ಇಲ್ಲ ಎನ್ನುವವರಿಗೆ ಒಂದು ಲೆಕ್ಕ. ಬೊಂಬಾಯಿ ನಗರದಲ್ಲಿ ಆ ಸಾವುಗಳನ್ನು ಸಮುದಾಯವಾರು ಲೆಕ್ಕ ಹಾಕಿದ್ದರಿಂದ ಇದು ನಮಗೆ ಗೊತ್ತಾಗಿದೆ. ಅಲ್ಲಿ 'ಕೆಳಜಾತಿ ಹಿಂದೂ'ಗಳೆಂದು ಬರೆಸಿಕೊಂಡವರಲ್ಲಿ ಸಾವಿರಕ್ಕೆ 61.6 ಮಂದಿ ಸತ್ತರು. ಉಳಿದ ಜಾತಿ ಹಿಂದೂಗಳಲ್ಲಿ ಸಾವಿರಕ್ಕೆ 18.9. ಯುರೋಪಿಯನ್ನರಲ್ಲಿ 8.3. ಅದೇ ನಗರ, ಅದೇ ಗಾಳಿ. ಬೇರೆಯಾಗಿದ್ದುದು ಮನೆ, ಅನ್ನ, ನೀರು, ಆರೈಕೆ.

ಇನ್ನು ನಮ್ಮೂರಿನ ರಿಜಿಸ್ಟರು. ಅದನ್ನು ಒಂದು ಪಠ್ಯದ ಹಾಗೆ ಓದಬೇಕು. ಅಕ್ಟೋಬರಿನ ಮೊದಲ ದಿನಗಳಲ್ಲಿ ಕೇರಿಯ ಸಾವುಗಳು ಒಂದೊಂದೂ ತನ್ನ ತನ್ನ ತಾರೀಖಿನಲ್ಲಿ ಇವೆ. ಮುತ್ತಾತನ ಸಾಲು ಬಂದ ಮೇಲೆ ಕೇರಿಯ ಹೆಸರುಗಳು ನಿಂತುಹೋಗುತ್ತವೆ. ಹನ್ನೆರಡು ದಿನ ಬರೀ ಊರೊಳಗಿನವರ ಸಾವು. ಆಮೇಲೆ ಒಂದೇ ತಾರೀಖಿನ ಕೆಳಗೆ, ಒಂದೇ ಮಸಿಯಲ್ಲಿ, ಕೇರಿಯ ಆರು ಹೆಸರು ಸಾಲಾಗಿ ಕೂತಿವೆ. ಆರು ಜನ ಒಂದೇ ದಿನ ಸತ್ತರೆ? ಸಾವಿನ ಸುದ್ದಿಯನ್ನು ಪಟೇಲರ ಜಗುಲಿಯ ಕೆಳಗೆ ನಿಂತು ಹೇಳಬೇಕಾದವನು ತೋಟಿ. ಅವನೇ ಸತ್ತ ಮೇಲೆ ಹೇಳಲು ಯಾರೂ ಹೋಗಲಿಲ್ಲ. ಅಲ್ಲಿಯವರೆಗೆ ಆ ಪುಸ್ತಕದಲ್ಲಿ ಬರೆದದ್ದೆಲ್ಲ ಶಾನುಭೋಗರ ಅಕ್ಷರ, ನನ್ನ ಮುತ್ತಾತನ ವರದಿ. ಅವನು ಬದುಕಿದ್ದ ಎನ್ನುವುದಕ್ಕೆ ಅವನ ಹೆಸರಿನ ಸಾಲಿಗಿಂತ ಆ ಹನ್ನೆರಡು ದಿನದ ಖಾಲಿ ದೊಡ್ಡ ಸಾಕ್ಷಿ.

ದೊಡ್ಡಜ್ಜಿಗೆ ಆಗ ಐದು ವರ್ಷ. ಅವಳು 1988ರಲ್ಲಿ ತೀರಿಕೊಂಡಳು. ಅದಕ್ಕೂ ಮುಂಚೆ ಎಷ್ಟೋ ಸಲ ಮುದ್ದೆ ಒಡೆದ ಕಥೆ ಹೇಳಿದ್ದಳು. ಒಂದು ಸಲ ಮಾತ್ರ, ಅಪ್ಪ ಸತ್ತ ದಿನ ನಿಂಗೆ ಜ್ಞಾಪಕ ಐತಾ ಅಜ್ಜಿ ಅಂತ ಕೇಳಿದಾಗ ಬೇರೆಯದೇ ಹೇಳಿದಳು: "ಮಾರ್ನಮಿ ಹಬ್ಬದ ಹೊತ್ತು ಕಣ್ಮಗ. ಯಾರ ಮನೇಲೂ ಒಲೆ ಹಚ್ಚಿಲ್ಲ. ಎಲ್ರೂ ಮಲಗಿರೋರೇ. ನೀರು ಕೊಡೋರಿಲ್ಲ. ಅಯ್ಯ ಮೂರು ದಿನ ಎಣ ಹೊತ್ತ, ನಾಕನೇ ದಿನ ತಾನೇ ಮಲೀಕಂಡ. ಅಯ್ಯನ್ನ ಹೊರೋಕೆ ಇಬ್ರೇ ಇದ್ದಿದ್ದು." ಇದನ್ನು ಅವಳು ಕಥೆ ಎಂದು ಹೇಳಲಿಲ್ಲ, ಜ್ಞಾಪಕ ಎಂದು ಹೇಳಿದಳು. ಅವಳ ಕಥೆಯಲ್ಲಿ ಅವಳಪ್ಪ ತಪ್ಪಿತಸ್ಥ. ಅವಳ ಜ್ಞಾಪಕದಲ್ಲಿ ಅವನು ಮೂರು ದಿನ ಕೇರಿಯ ಹೆಣ ಹೊತ್ತವನು. ಎರಡೂ ಒಂದೇ ಬಾಯಲ್ಲಿದ್ದವು. ಮೌಖಿಕ ಪರಂಪರೆ ಎಂದು ನಾವು ಒಂದೇ ಚೀಲಕ್ಕೆ ಹಾಕುವ ವಸ್ತುವಿನೊಳಗೆ ಹೀಗೆ ಎರಡು ದನಿ ಇರುತ್ತವೆ. ಊರಿನ ಕಥೆ ಗಟ್ಟಿಯಾಗಿರುತ್ತದೆ, ಕೇಳದೆಯೇ ಬರುತ್ತದೆ. ಕೇರಿಯ ಜ್ಞಾಪಕವನ್ನು ಕೇಳಿ ತೆಗೆಯಬೇಕು.

ಅದೇ ರಿಜಿಸ್ಟರಿನಲ್ಲಿ, ಅದೇ ವಾರ, ದೊಡ್ಡ ಮನೆಯ ಇಬ್ಬರು ಪ್ರಾಯದವರೂ ಸತ್ತಿದ್ದಾರೆ. ಕಾರಣ: ಜ್ವರ. ಅವರು ಯಾವ ಗಡಿ ತಪ್ಪಿದ್ದರು? ಅವರ ತಲೆಯ ಮೇಲೆ ಯಾವ ಮುದ್ದೆ ಒಡೆದಿತ್ತು? ಅವರಿಗೆ ಬಂದದ್ದು ಕಾಯಿಲೆ, ನಮ್ಮವನಿಗೆ ಬಂದದ್ದು ಶಾಪ.

5

ಒಂದು ಕಥೆ ಮೂರು ತಲೆಮಾರು ಬದುಕಬೇಕಾದರೆ ಅದರಿಂದ ಯಾರಿಗಾದರೂ ಉಪಯೋಗ ಇರಬೇಕು. ನಾಲ್ಕನೆಯ ಕಾಗದ ಹೇಳುವುದು ಇದನ್ನೇ. 1920ರಲ್ಲಿ ತೋಟಿ ಕೆಲಸವನ್ನು ನಮ್ಮ ದಾಯಾದಿಗಳ ಮನೆಗೆ ವರ್ಗ ಮಾಡಲಾಯಿತು. ಸತ್ತವನ ಮಗ, ನನ್ನ ತಾತ, ಆಗ ಇನ್ನೂ ಮೊಲೆ ಬಿಡದ ಕೂಸು. ಹುಕುಮಿನಲ್ಲಿ ಕಾಣುವ ಕಾರಣ 'ವಾರಸುದಾರನು ಮೈನರಾಗಿರುವುದರಿಂದ'. ಊರೊಳಗೆ ಆಡಿದ ಕಾರಣ ಬೇರೆ: ಸುಳ್ಳು ಹೆಜ್ಜೆ ಇಟ್ಟವನ ಮನೆಗೆ ಕುಳವಾಡಿಕೆ ಬೇಡ. ಕಾಗದಕ್ಕೆ ಒಂದು ಕಾರಣ, ಜನರ ಬಾಯಿಗೆ ಒಂದು ಕಾರಣ. ಎರಡೂ ಸೇರಿ ವಿಧವೆಯೊಬ್ಬಳ ಕೈಯಿಂದ ಆಯವೂ ಹೋಯಿತು, ಇನಾಂತಿಯ ಹಕ್ಕೂ ಹೋಯಿತು. ದಾಯಾದಿಗಳಿಗೂ ಸುಖವಿರಲಿಲ್ಲ. ಚಾಕರಿ ಅವರ ಮನೆಗೆ ಬಂತು, ಭೋಗ್ಯದಲ್ಲಿದ್ದ ಜಮೀನಿನ ಫಸಲು ದೊಡ್ಡ ಮನೆಯ ಕಣಕ್ಕೇ ಹೋಗುತ್ತಿತ್ತು. ಅವರನ್ನು ನಾನು ದೂರುವುದಿಲ್ಲ.

ಅದೇ 1918ರಲ್ಲಿ ಮೈಸೂರು ಸರ್ಕಾರ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿತು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರದಲ್ಲಿ ನಮ್ಮ ನಾಡಿನ ದೊಡ್ಡ ಮೈಲಿಗಲ್ಲು ಅದು, ಒಪ್ಪೋಣ. ಆದರೆ ತೋಟಿಯೂ ಸರ್ಕಾರಿ ನೌಕರನೇ ಆಗಿದ್ದ. ಆ ನೌಕರಿಯಲ್ಲಿ ನೂರಕ್ಕೆ ನೂರು ನಮಗೇ ಮೀಸಲಾಗಿತ್ತು; ಬಿಡುತ್ತೇನೆಂದರೂ ಬಿಡುವಂತಿರಲಿಲ್ಲ. ಪಕ್ಕದ ಬೊಂಬಾಯಿ ಪ್ರಾಂತ್ಯದಲ್ಲಿ ಅಂಬೇಡ್ಕರ್ 1928ರಲ್ಲಿ ಮಹಾರ್ ವತನಿನ ವಿರುದ್ಧ ಶಾಸನಸಭೆಗೆ ಮಸೂದೆ ತಂದದ್ದು ಇದಕ್ಕೇ. ತುಂಡು ಭೂಮಿಯ ಆಸೆಯೇ ಗುಲಾಮಗಿರಿಯ ಹಗ್ಗ ಎಂದು ಅವರು ಕಂಡುಕೊಂಡಿದ್ದರು.

ನಮ್ಮಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಹುದ್ದೆ ಹೋಯಿತು. ಇನಾಂತಿ ಜಮೀನು ಸರ್ಕಾರಕ್ಕೆ ಸೇರಿ, ಹಣ ಕಟ್ಟಿದರೆ ಹುದ್ದೆದಾರನಿಗೆ ಮರುಮಂಜೂರಾಗಬೇಕಾಗಿತ್ತು. ಹುದ್ದೆದಾರ ಯಾರು? ಕಾಗದದ ಪ್ರಕಾರ 1920ರಿಂದ ದಾಯಾದಿಯ ಮನೆ. ತಾತ ಅರ್ಜಿ ಹಾಕಿಕೊಂಡ, ತಿರಸ್ಕಾರವಾಯಿತು. ಜಮೀನು ದಾಯಾದಿಗಳ ಹೆಸರಿಗೆ ಬಂತು, ಕೆಲವೇ ವರ್ಷದಲ್ಲಿ ದೊಡ್ಡ ಮನೆಗೆ ಕ್ರಯವಾಯಿತು. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕಾಯಿದೆ, ನಾವು ಪಿ.ಟಿ.ಸಿ.ಎಲ್. ಎನ್ನುವುದು, ಬಂದಾಗ ಕೇರಿಗಳಲ್ಲಿ ಆಸೆ ಹುಟ್ಟಿತು. ಆದರೆ ಅದರಲ್ಲಿ 'ಮಂಜೂರಾದ ಜಮೀನು' ಎಂಬುದರ ವ್ಯಾಖ್ಯೆ ವಂಶಪಾರಂಪರ್ಯದ ಹುದ್ದೆ, ಹಕ್ಕುಗಳಿಗೆ ಸಂಬಂಧಿಸಿದ ಜಮೀನನ್ನು ಹೊರಗಿಟ್ಟಿದೆ. 2023ರ ತಿದ್ದುಪಡಿ ಕಾಲಮಿತಿಯ ತೊಡಕನ್ನು ತೆಗೆದುಹಾಕಿದರೂ ಈ ವ್ಯಾಖ್ಯೆಯ ಬೇಲಿ ಹಾಗೇ ಇದೆ. ತಲತಲಾಂತರ ಊರ ಚಾಕರಿ ಮಾಡಿ ಪಡೆದ ಜಮೀನಿಗೆ, ಚಾಕರಿ ಮಾಡಿದ್ದರಿಂದಲೇ, ಆ ಕಾಯಿದೆಯ ರಕ್ಷಣೆ ಇಲ್ಲ.

ಒಂದು ಕಟ್ಟುಕಥೆ ಎಷ್ಟು ದೂರ ನಡೆಯುತ್ತದೆ ನೋಡಿ. ಒಡೆದ ಮುದ್ದೆಯಿಂದ ಕುಳವಾಡಿಕೆಗೆ, ಕುಳವಾಡಿಕೆಯಿಂದ 1920ರ ಹುಕುಮಿಗೆ, ಹುಕುಮಿನಿಂದ ಮರುಮಂಜೂರಾತಿಗೆ, ಅಲ್ಲಿಂದ ಇವತ್ತಿನ ಪಹಣಿಗೆ. ಪಹಣಿಯ ಒಂಬತ್ತನೇ ಕಾಲಮಿನಲ್ಲಿ ಜಾನಪದವೂ ಸೇರಿಕೊಂಡಿದೆ ಎಂದರೆ ಕಂದಾಯದವರು ನಗಬಹುದು. ನಾವು ನಗುವಂತಿಲ್ಲ.

6

ದಲಿತ ವಿಮರ್ಶೆ ಎಂದರೆ ಕಾದಂಬರಿ, ಕಾವ್ಯಗಳಲ್ಲಿ ನಮ್ಮನ್ನು ಹೇಗೆ ಚಿತ್ರಿಸಿದ್ದಾರೆ ಎಂದು ನೋಡುವುದು ಮಾತ್ರವೇ? ಅದು ಬೇಕು, ಆಗಿದೆ, ಇನ್ನೂ ಆಗಬೇಕು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ, ಸಿದ್ಧಲಿಂಗಯ್ಯನವರ 'ಊರು ಕೇರಿ' 1996ರಲ್ಲಿ ಬಂದ ಮೇಲೆ ಕನ್ನಡದಲ್ಲಿ ನಮ್ಮ ಬಾಳನ್ನು ನಾವೇ ಬರೆಯುವ ದಾರಿ ಗಟ್ಟಿಯಾಯಿತು. ಆತ್ಮಕತೆ ಬರೆಯುವವನ ಜ್ಞಾಪಕದಷ್ಟೇ ಹಿಂದಕ್ಕೆ ಹೋಗಬಲ್ಲದು. ಅದರಾಚೆಗೆ ಇರುವವರು ನಮ್ಮ ಮುತ್ತಾತ, ಮುತ್ತಜ್ಜಿಯರು. ಅವರ ಬಾಳು ಶಾನುಭೋಗರ ಕಡತದಲ್ಲಿ ಜಾತಿಯಾಗಿ, ಹುದ್ದೆಯಾಗಿ, ಜ್ವರವಾಗಿ, ಸದರಿ ಆಸಾಮಿಯಾಗಿ ಚೆದುರಿ ಬಿದ್ದಿದೆ. ಈ ಕಡತವೂ ಒಂದು ಸಾಹಿತ್ಯ. ಅದಕ್ಕೂ ವಿಮರ್ಶೆ ಬೇಕು. ಯಾರು ಬರೆದರು, ಯಾರು ಹೇಳಿದರು, ಯಾವ ಕಾಲಮು ಖಾಲಿ, ಎಲ್ಲಿ ಮಸಿ ಬದಲಾಯಿತು ಎಂದು ಕೇಳಬೇಕು.

ಕಾಗದವನ್ನು ನಂಬಿ ಅಜ್ಜಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಾಗದದಲ್ಲಿ ಅವನು ಮೂರು ದಿನ ಹೆಣ ಹೊತ್ತದ್ದು ಇಲ್ಲ. ಅದು ಅಜ್ಜಿಯಲ್ಲಿ ಮಾತ್ರ ಇತ್ತು. ಹದಿನೈದು ದಿನದ ಸುಳ್ಳನ್ನು ಒಡೆದದ್ದು ಮಾತ್ರ ಕಾಗದ. ಒಂದರಿಂದ ಇನ್ನೊಂದನ್ನು ಜರಡಿ ಹಿಡಿಯಬೇಕು. ಸಂಘಟನೆಯ ಗೆಳೆಯರು, ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕು ಕಚೇರಿಗಳ ರೆಕಾರ್ಡು ರೂಮಿನಲ್ಲಿ ಈ ಕೆಲಸ ಮಾಡಬಹುದು. ಗೆದ್ದಲು ನಮಗಾಗಿ ಕಾಯುವುದಿಲ್ಲ. ಮನೆಯ ಮುದುಕಿಯರನ್ನು ಕೇಳುವಾಗ ಇಸವಿ ಕೇಳಬೇಡಿ. ಯಾವ ಹಬ್ಬ, ಯಾವ ಸುಗ್ಗಿ, ಆಗ ಕೈಯಲ್ಲಿ ಯಾವ ಕೂಸಿತ್ತು ಎಂದು ಕೇಳಿ. ಇಸವಿ ತಾನಾಗಿ ಸಿಗುತ್ತದೆ.

ನನ್ನ ಮುತ್ತಾತ ಆವತ್ತು ಗೋಮಾಳದಲ್ಲಿ ಎರಡು ಮಾರು ತಪ್ಪಿ ನಡೆದನೋ ಸರಿಯಾಗಿ ನಡೆದನೋ, ಅದರ ವಿಚಾರಣೆ ಮಾಡುವ ಹಕ್ಕು ಊರಿಗಿಲ್ಲ. ಎಲ್ಲರ ಹೊಲದ ಗಡಿ ಗೊತ್ತಿದ್ದವನಿಗೆ ತನ್ನದೆನ್ನುವ ಒಂದು ಗುಂಟೆ ಉಳಿಯದಂತೆ ಮಾಡಿದ ಊರು, ತಾನು ಯಾವ ಗಡಿ ತಪ್ಪಿದೆ ಎಂದು ಮೊದಲು ಹೇಳಲಿ. ಆ ಮಹಜರು ಇನ್ನೂ ಬರೆದಾಗಿಲ್ಲ. ಅದನ್ನು ಬರೆಯುವವರು ನಾವು.